ಬಸಳೆ ಕಾಯ್ದ ಜಾಗ

ಚಳಿ ಮುಗಿಯುವ ಹೊತ್ತಿಗೆ ಸುವರ್ಣಗೆಡ್ಡೆಯ ಗಿಡ ಹಳದಿಯಾಗಿ ಬಾಗಿತು. "ಬಿಸಿಲುಗಾಲವೆಲ್ಲ ಮಣ್ಣೊಳಗೆ ಮಲಗುತ್ತೇನೆ, ತಂಗಿ. ನನ್ನ ಜಾಗ ನೋಡಿಕೋ" ಎಂದು ಪಕ್ಕದ ಬಸಳೆ ಬಳ್ಳಿಗೆ ಹೇಳಿ ನೆಲಕ್ಕೊರಗಿತು.

ಬೇಸಿಗೆ ಏರಿತು. ಗುದ್ದಲಿ ಬಂದು, "ಇಲ್ಲಿ ಯಾರೂ ಬದುಕಿಲ್ಲ. ಅಗೆದು ಬೆಂಡೆಗೆ ಜಾಗ ಮಾಡುತ್ತೇನೆ" ಎಂದಿತು. ಅಕ್ಕನ ಸುಳಿವೇ ಇಲ್ಲದೆ ಬಸಳೆಗೂ ಒಳಗೊಳಗೇ ಅಳುಕು. ಆದರೂ ತನ್ನ ಬಾಡಿದ ಕುಡಿಗಳನ್ನು ಆ ಮಣ್ಣಿನ ಮೇಲೆ ಚಾಚಿ, "ಮೊದಲ ಮಳೆಯವರೆಗೆ ತಾಳು, ಅಣ್ಣಾ. ಆಮೇಲೂ ಅಕ್ಕ ಏಳದಿದ್ದರೆ ನನ್ನನ್ನೂ ಸೇರಿಸಿ ಅಗೆ" ಎಂದಿತು. ಗುದ್ದಲಿ ಗೊಣಗುತ್ತ ಹಿಂದಿರುಗಿತು.

ಮಳೆ ಬಿದ್ದ ಮೇಲೆ, ಬಸಳೆಯ ಎಲೆಗಳನ್ನು ಸರಿಸಿಕೊಂಡು ದಪ್ಪನೆಯ ಮೊಳಕೆಯೊಂದು ಎದ್ದಿತು. ಬಸಳೆಗೆ ಹೋದ ಜೀವ ಬಂದಂತಾಯಿತು. ಮತ್ತೆ ಬಂದ ಗುದ್ದಲಿ ಮೊಳಕೆಯನ್ನು ನೋಡಿತು. ಅದರ ಬುಡಕ್ಕೆ ಮಣ್ಣೇರಿಸಿತು.