ಕಂಚಿನ ಬೊಂಬೆಗೆ ತಿಳಿಯದ ಮಾತು

"ಕೇಳಿರಪ್ಪಾ ಕೇಳಿ. ಇರುಗರಸನ ಮೂರು ಒಗಟು ಬಿಡಿಸಿದವರು ಬೇಡಿದ್ದನ್ನು ಪಡೆಯುತ್ತಾರೆ. ತಪ್ಪಿದವರು ತಲೆ ಕೊಡುತ್ತಾರೆ," ಎಂದು ಬೀದಿಬೀದಿಯಲ್ಲಿ ಡಂಗುರ ಹೊಡೆದರು.

ಇರುಗರಸನ ಬಳಿ ಮಾತಾಡುವ ಕಂಚಿನ ಬೊಂಬೆಯೊಂದಿತ್ತು. ಅರಮನೆಯ ಲಕ್ಷ ಓಲೆಗರಿಗಳನ್ನು ನುಂಗಿ ಅದು ಕನ್ನಡ ಕಲಿತಿತ್ತು. ಅದನ್ನು ಮೀರಿಸುವ ಮನುಷ್ಯನಿಲ್ಲವೆಂದು ತೋರಿಸಲಿಕ್ಕೇ ಈ ಒಗಟುಗಳು. ಶತ್ರುಗಳು ಊರನ್ನು ಮುತ್ತಿದ್ದ ಕಾಲ ಅದು. ಅಕ್ಕಿ ಬಚ್ಚಿಟ್ಟವರ ವಿಚಾರಣೆಯೂ ಬೊಂಬೆಯದೇ ಆಗಿತ್ತು. ಆಗಲೇ ಹದಿನೇಳು ಮನೆಗಳ ಯಜಮಾನರನ್ನು ಶೂಲಕ್ಕೆ ಕಳಿಸಿತ್ತು. ಹದಿನೆಂಟನೆಯವಳು ವಿಧವೆ ಮಾಳವ್ವ. ಮರುದಿನ ಅವಳ ಸರದಿ.

ಅವಳ ಮಗ, ಬಳೆಗಾರ ಬೊಪ್ಪ, ಸಭೆಗೆ ಹೋಗಿ ಇಬ್ಬರು ಪಂಡಿತರ ಹಿಂದೆ ನಿಂತ.

"ಬೊಂಬೆ ಓಲೆ ನುಂಗಿ ಮಾತು ಕಲಿಯಿತು. ಕೂಸು ಏನನ್ನು ನುಂಗಿ ಕಲಿಯುತ್ತದೆ?" ಎಂದ ಅರಸ.

"ತಾಯಿಯ ಹಾಲನ್ನು," ಎಂದ ಮೊದಲ ಪಂಡಿತ. "ಗುರುವಿನ ಉಪದೇಶವನ್ನು," ಎಂದ ಎರಡನೆಯವನು. ಇಬ್ಬರನ್ನೂ ಎಳೆದೊಯ್ದರು.

"ಹೆಂಗಸರ ಕೈ ಹಿಡಿಯುವುದು ಬಿಟ್ಟರೆ ನಿನಗೇನು ಗೊತ್ತೋ?" ಎಂದು ಮಂತ್ರಿ ಬೊಪ್ಪನನ್ನು ಆಡಿಕೊಂಡ.

"ಬಳೆ ತೊಡಿಸುವಾಗ ಅವರು ಮಾತಾಡುತ್ತಾರೆ ಬುದ್ಧಿ, ನಾನು ಕೇಳಿಸಿಕೊಳ್ಳುತ್ತೇನೆ. ಕೂಸು ನುಂಗುವುದು ಅಳುವನ್ನು. ಹಸಿದಾಗೆಲ್ಲ ಅಳುತ್ತಿದ್ದದ್ದು ಒಂದು ದಿನ ಅಳು ನುಂಗಿಕೊಂಡು 'ಅವ್ವ, ಬುವ್ವ' ಅನ್ನುತ್ತದೆ. ಬೊಂಬೆಗೆ ಹಸಿವೇ ಇಲ್ಲ."

"ತಪ್ಪಿದರೂ ಮುತ್ತು ಪಡೆಯುವುದು ಯಾವುದು?" ಎಂದು ಅರಸ ಎರಡನೆಯ ಒಗಟು ಕೇಳಿದ.

"ತೊದಲು. ಮಗು ತಪ್ಪಾಡಿದರೆ ಮುದ್ದಿಸಿ ತಿದ್ದುತ್ತೇವೆ. ಬೊಂಬೆ ತಪ್ಪಾಡಿದರೆ ತಿದ್ದುವವರು ಯಾರು ಬುದ್ಧಿ?"

ಅರಸನ ಮುಖ ಬಿಗಿಯಿತು. "ನನ್ನ ನಾಡಿನಲ್ಲಿ ಬೊಂಬೆಗೆ ತಿಳಿಯದ ಮಾತು ಯಾವುದು?"

ಬೊಪ್ಪ ಬೊಂಬೆಯತ್ತ ತಿರುಗಿದ. "ಅಕ್ಕಿ ಹುಡುಕಿ ಬಂದ ಭಟರಿಗೆ ನಮ್ಮವ್ವ ಏನೆಂದಳು?"

"'ಮನೆಯಲ್ಲಿ ಅಕ್ಕಿ ಹೆಚ್ಚಿದೆ' ಎಂದಳು. ಹೆಚ್ಚು ಎಂದರೆ ಅಧಿಕ. ಹುಡುಕಿದರೆ ಸಿಗಲಿಲ್ಲ. ಆದ್ದರಿಂದ ಬಚ್ಚಿಟ್ಟಿದ್ದಾಳೆ."

"ಅಕ್ಕಿ ತೀರಿದರೆ ನಮ್ಮ ಹೆಂಗಸರು ತೀರಿತು ಅನ್ನುವುದಿಲ್ಲ ಬುದ್ಧಿ, ಅಪಶಕುನವೆಂದು. ಹೆಚ್ಚಿದೆ ಅನ್ನುತ್ತಾರೆ. ಅದನ್ನು ಯಾರೂ ಓಲೆಯಲ್ಲಿ ಬರೆದಿಡಲಿಲ್ಲ."

ಅರಸ ಪಕ್ಕದಲ್ಲಿದ್ದ ರಾಣಿಯನ್ನು ನೋಡಿದ.

"ನೀವು ಅಡುಗೆಮನೆಗೆ ಎಂದು ಬಂದಿದ್ದೀರಿ?" ಎಂದಳು ರಾಣಿ ಮೆಲ್ಲಗೆ. "ನಾವೂ ಹಾಗೇ ಅನ್ನುವುದು."

"ಈಗ ತಿಳಿಯಿತು," ಎಂದಿತು ಬೊಂಬೆ. "ಆ ಹದಿನೇಳು ಮನೆಗಳ ಹೆಂಗಸರೂ ಅದೇ ಮಾತು ಹೇಳಿದ್ದರು." ಅದರ ದನಿ ಏರಲಿಲ್ಲ, ಇಳಿಯಲಿಲ್ಲ.

ಅರಸ ಬೊಪ್ಪನತ್ತ ತಿರುಗಿ, "ಏನು ಬೇಕು ಕೇಳು," ಎಂದ.

"ನಮ್ಮವ್ವ."

ಅರಸ ಮಾಳವ್ವನನ್ನು ಬಿಡಿಸಿದ. ಜೊತೆಗೆ ಒಂದು ಮೂಟೆ ಅಕ್ಕಿಯನ್ನೂ ಕೊಡಿಸಿದ. ತಾಯಿಮಗ ಹೊರಬಂದಾಗ ಕೋಟೆಬಾಗಿಲಲ್ಲಿ ಆ ಹದಿನೇಳು ಮನೆಗಳ ಹೆಂಗಸರು ಬರಿಗೈಯಲ್ಲಿ ನಿಂತಿದ್ದರು. ಆ ಕೈಗಳಿಗೆಲ್ಲ ಬಳೆ ತೊಡಿಸಿದವನು ಬೊಪ್ಪನೇ.

ಅವನು ಮೂಟೆ ಇಳಿಸಿ ಅದರ ಬಾಯಿ ಬಿಚ್ಚಿದ. ಯಾರೂ ಸೆರಗೊಡ್ಡಲಿಲ್ಲ.