ಹಳ್ಳದ ಮೇಲೆ ಹಾಸಿದ ಬಾಗಿಲು

ಮಂಜು ಮುಸುಕಿದ ಹಳ್ಳ, ಅದರ ದಡದಲ್ಲೊಂದು ಮಠ. ಮಳೆಗಾಲ ಇನ್ನು ದೂರವಿರಲಿಲ್ಲ.

ಹಳ್ಳಕ್ಕೊಂದು ಸೇತುವೆ ಬೇಕೆಂದು ಊರೇ ಒಪ್ಪಿತ್ತು. ಮನೆಗೆ ದಿನಕ್ಕೊಂದು ಹಿಡಿ ಅಕ್ಕಿ, ಅದನ್ನು ಮಾರಿ ಮರ ತರುವುದು ಎಂದು ಮಾತಾಗಿತ್ತು. ಅಕ್ಕಿ ಎತ್ತುವ ಕೆಲಸ ಶಿಷ್ಯ ಚಿಕ್ಕಲಿಂಗನದು.

ಹೋದ ವರ್ಷ ಇದೇ ಹಳ್ಳ ಅವನ ಅಕ್ಕನನ್ನು ಕೊಚ್ಚಿಕೊಂಡು ಹೋಗಿತ್ತು. ಅವಳು ಕೂಗಿದ್ದಳು; ಊರಲ್ಲಿ ಒಂದು ಬಾಗಿಲೂ ತೆರೆಯಲಿಲ್ಲ. ಮಳೆಯ ಸದ್ದಿಗೆ ಕೇಳಿಸಲಿಲ್ಲ ಎಂದರು.

ಆ ಸಂಕಟ ಅವನ ಎದೆಯಲ್ಲಿ ಹಾಗೇ ಕೂತಿತ್ತು. ಅದಕ್ಕೇ ಒಂದು ಕಾಳೂ ಪೋಲಾಗಬಾರದೆಂದು ಅಕ್ಕಿಯನ್ನು ಮಠದ ಉಗ್ರಾಣಕ್ಕೆ ಸುರಿದು ಬೀಗ ಜಡಿದ. ಕೊಟ್ಟವರಿಗೇ ಇಣುಕಲು ಬಿಡುತ್ತಿರಲಿಲ್ಲ, ಮಹಾರಾಯ!

ಬರಬರುತ್ತಾ ಹಿಡಿ ಸಣ್ಣದಾಯಿತು. ಆಮೇಲೆ ಬರೀ ನುಚ್ಚು. ಆಮೇಲೆ, "ನಾಳೆ ಬಾರಪ್ಪಾ."

ಚಿಕ್ಕಲಿಂಗ ಗುರುಗಳಾದ ಅಯ್ಯನವರ ಮುಂದೆ ಕಣ್ಣು ತುಂಬಿಕೊಂಡು ನಿಂತ.

"ಬುದ್ಧಿ, ಈ ಜನಕ್ಕೆ ನಾಚಿಕೆ ಅನ್ನೋದೇ ಇಲ್ಲ. ಕೊಡದವರಿಗೆ ದಂಡ ಹಾಕಿ."

"ಊರ ಮೊದಲ ಮನೆಯ ಪುಟ್ಟೀರಮ್ಮ ಏನಂತಾಳೆ?"

"ಅವಳೋ, ಬಾಯಿಬಡುಕಿ! 'ಅಕ್ಕಿ ಹೋಗೋದು ಕಂಡಿದ್ದೀನಿ, ಸೇತುವೆ ಬರೋದು ಕಂಡಿಲ್ಲ' ಅಂತಾಳೆ."

ಅಯ್ಯನವರು ಎದ್ದರು. ಉಗ್ರಾಣದ ಬಾಗಿಲನ್ನು ಬೀಗ ಸಮೇತ ಚೌಕಟ್ಟಿನಿಂದ ಕಳಚಿ ಶಿಷ್ಯನ ತಲೆಗೇರಿಸಿದರು. ಹಳ್ಳಕ್ಕೆ ಹೋಗಿ, ಬಾಗಿಲಿನ ಒಂದು ತುದಿಯನ್ನು ದಡಕ್ಕೆ, ಇನ್ನೊಂದನ್ನು ನೀರಿನ ನಡುವಿನ ಬಂಡೆಗೆ ಕೊಟ್ಟು ಹಾಸಿಸಿದರು.

"ಅಯ್ಯೋ ಬುದ್ಧಿ, ಅಕ್ಕಿ ಎಲ್ಲಾ ಎಲ್ಲರ ಕಣ್ಣಿಗೆ ಬೀಳುತ್ತಲ್ಲ!"

"ಬೀಳಲಿ ಬಿಡು."

ಬೆಳಿಗ್ಗೆ ಪುಟ್ಟೀರಮ್ಮ ಬಂದಳು. ಉಗ್ರಾಣಕ್ಕೆ ಇಣುಕಿದಳು. ಅವಳು ಕೊಟ್ಟ ನುಚ್ಚೂ ಅಲ್ಲೇ ಇತ್ತು. ಮಂಜಿನೊಳಗೆ ನಡೆದು ಹೋಗಿ ಹಳ್ಳದ ಮೇಲಿನ ಬಾಗಿಲ ತುದಿಯಲ್ಲಿ ನಿಂತು, ಬಹಳ ಹೊತ್ತು ನೀರು ನೋಡಿದಳು. ಆಮೇಲೆ ಮನೆಗೆ ಹೋದಳು.

ತಿರುಗಿ ಬಂದಾಗ ಅವಳ ತಲೆಯ ಮೇಲೆ ಅವಳ ಮನೆಯದೇ ಬಾಗಿಲಿತ್ತು.

ಅವಳ ಹಿಂದೆ ಇನ್ನೊಂದು ಬಂತು. ಸಂಜೆಯವರೆಗೂ ಮಂಜಿನೊಳಗಿಂದ ಬಾಗಿಲುಗಳು ಬರುತ್ತಲೇ ಇದ್ದವು. ಹಸಿರು ಬಣ್ಣದ್ದು, ಅರಿಶಿನ ಕುಂಕುಮ ಮೆತ್ತಿದ್ದು, ಮಕ್ಕಳು ಸೀಮೆಸುಣ್ಣದಲ್ಲಿ ಗೀಚಿದ್ದು. ಹಿಡಿಯೂ ಮತ್ತೆ ದೊಡ್ಡದಾಯಿತು. ಅಕ್ಕಿ ಮಾರಿ ಕಂಬ ತಂದರು. ಮಳೆಗೆ ಮೊದಲೇ ಸೇತುವೆ ಆಚೆ ದಡ ಮುಟ್ಟಿತು.

ಚಿಕ್ಕಲಿಂಗ ಅದರ ಮೇಲೆ ನಡೆದ. ಅಕ್ಕ ಹೋದ ಜಾಗ ಬಂದಾಗ ಅಲ್ಲೇ ಕೂತು ಅತ್ತ. ಅಯ್ಯನವರು ಪಕ್ಕದಲ್ಲಿ ಕೂತರು. ದೂರದಲ್ಲಿ ಊರಿನ ದೀಪಗಳ ಬೆಳಕು ತೆರೆದ ಮನೆಗಳಿಂದ ಹೊರಗೆ ಚೆಲ್ಲಿತ್ತು.

"ಬುದ್ಧಿ, ಬಾಗಿಲಿಲ್ಲದ ಮನೇಲಿ ಇವರಿಗೆಲ್ಲ ನಿದ್ದೆ ಬರುತ್ತಾ?"

"ಬರುತ್ತೆ ಮಗಾ. ಆದರೆ ಹಳ್ಳದಲ್ಲಿ ಯಾರಾದರೂ ಕೂಗಿದರೆ, ಕೇಳಿಸಲಿಲ್ಲ ಅನ್ನೋಕೆ ಇನ್ನು ಯಾರಿಗೂ ಆಗಲ್ಲ."