ಒಂದು ಗೇಣು ಬಲಕ್ಕೆ

“ಗುರುಗಳೇ, ಕಾರ್ಬನ್ ಕಡ್ಡಿಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು ಯಾವುದು?”

ಕೇಳಿದವನು ಚೆನ್ನವೀರ. ಹತ್ತು ವರ್ಷ ಗುರುಗಳ ಬಳಿ ಬಿಲ್ಲುವಿದ್ಯೆ ಕಲಿತು, ಈಗ ತನ್ನೂರಿನಲ್ಲಿ ಆರು ಮಕ್ಕಳಿಗೆ ಕಲಿಸಲು ಹೊರಟಿದ್ದ. ಮಕ್ಕಳ ಬಿಲ್ಲುಗಳು ಹಳೆಯ ಬಗೆಯವು, ಬಿದಿರಿನವು. ಬಾಣಗಳನ್ನು ಮಾತ್ರ ಕಾರ್ಬನ್ ಕಡ್ಡಿಯಿಂದ ಮಾಡಿಸಬೇಕೆಂದು ಅವನ ಎಣಿಕೆ. ಬಿದಿರಿನ ಕಡ್ಡಿ ಮಳೆ ಬಿಸಿಲಿಗೆ ಸೊಟ್ಟಗಾಗುತ್ತದೆ, ಕಾರ್ಬನ್ ಆಗುವುದಿಲ್ಲ.

“ನೀನು ಯಾವುದನ್ನು ಕೊಳ್ಳಬೇಕೆಂದಿದ್ದೀಯ?” ಎಂದರು ಗುರುಗಳು.

“ಸಿಗುವುದರಲ್ಲೆಲ್ಲ ಗಡಸಾದದ್ದನ್ನು. ನಾನು ಬಳಸುವುದೂ ಅದನ್ನೇ. ಆರು ಜನಕ್ಕೂ ಒಂದೇ ಬಗೆಯದಾದರೆ ಕಲಿಸುವುದೂ ಸುಲಭ.”

ಗುರುಗಳು ಅದಕ್ಕೆ ಉತ್ತರವಾಗಿ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಕಮ್ಮಾರನಿದ್ದ. ಸುತ್ತಲಿನ ಊರುಗಳಲ್ಲಿ ಅವನಷ್ಟು ಬಲವಾದ ತೋಳು ಇನ್ನೊಬ್ಬನಿಗೆ ಇರಲಿಲ್ಲ. ಕುಲುಮೆಯ ಕೆಲಸ ಮುಗಿದ ಮೇಲೆ ಅವನು ಬಿಲ್ಲು ಹಿಡಿಯುತ್ತಿದ್ದ. ಬಿಲ್ಲು ಅವನ ತಂದೆಯ ಕಾಲದ್ದು. ಅದನ್ನು ಪೂರ್ತಿ ಎಳೆಯಲು ಮೂವತ್ತಾರು ಪೌಂಡಿನ ಬಲ ಸಾಕಾಗಿತ್ತು. ಬಿಲ್ಲುಗಾರರ ಲೆಕ್ಕದಲ್ಲಿ ಅದು ಮೆದುವಾದ ಬಿಲ್ಲು.

ಒಮ್ಮೆ ಅವನು ಕಾರ್ಬನ್ ಕಡ್ಡಿ ತರಲು ಪೇಟೆಗೆ ಹೋದ. ಅಂಗಡಿಯಲ್ಲಿ ಇನ್ನೂ ನಾಲ್ಕೈದು ಬಿಲ್ಲುಗಾರರು ಕುಳಿತಿದ್ದರು. ಕಡ್ಡಿ ಮಾರುವ ಮುದುಕ ಕೇಳಿದ: “ನಿಮ್ಮ ಬಿಲ್ಲಿನ ಎಳೆತ ಎಷ್ಟು?”

ಕುಳಿತಿದ್ದವರು ಕಮ್ಮಾರನ ತೋಳನ್ನೇ ನೋಡುತ್ತಿದ್ದರು.

“ಐವತ್ತೈದು” ಎಂದ ಕಮ್ಮಾರ.

ಮುದುಕ ಐವತ್ತೈದರ ಬಿಲ್ಲಿಗೆ ತಕ್ಕ ಗಡಸು ಕಡ್ಡಿಗಳನ್ನು ಆರಿಸಿ ಒಂದು ಡಜನ್ ಕೊಟ್ಟ. ಕಡ್ಡಿಗಳಲ್ಲಿ ದೋಷವೇನೂ ಇರಲಿಲ್ಲ.

ನಿನಗೆ ಗೊತ್ತಿರುವುದೇ. ಬಾಣ ಹೋಗುವ ದಾರಿಗೆ ಬಿಲ್ಲಿನ ಹಿಡಿಯೇ ಅಡ್ಡ. ಬಿಟ್ಟ ಕ್ಷಣದಲ್ಲಿ ಬಾಣ ತುಸು ಬಳುಕಿ ಹಿಡಿಯನ್ನು ಬಳಸಿಕೊಂಡು ದಾಟಬೇಕು. ಆಗ ನೇರ ಹೋಗುತ್ತದೆ. ಬಿಲ್ಲಿನ ಬಲಕ್ಕೆ ಬಳುಕದಷ್ಟು ಗಡಸಾದರೆ ಅದು ಹಿಡಿಗೆ ತಾಗಿ ಎಡಕ್ಕೆ ಸರಿಯುತ್ತದೆ. ಕಮ್ಮಾರ ಮೊದಲ ದಿನ ಬಿಟ್ಟ ಹನ್ನೆರಡು ಬಾಣಗಳೂ ಗುರಿಯಿಂದ ಒಂದು ಗೇಣು ಎಡಕ್ಕೆ, ಒಂದರ ಪಕ್ಕ ಒಂದು ನಾಟಿಕೊಂಡವು.

ಅವನು ಪೇಟೆಗೆ ಹೋಗಿ ಕಡ್ಡಿ ಬದಲಿಸಿಕೊಳ್ಳಬಹುದಿತ್ತು. ಹೋದರೆ ಬಿಲ್ಲಿನ ನಿಜವಾದ ಎಳೆತ ಹೇಳಬೇಕಾಗುತ್ತಿತ್ತು. ಅವನು ಹೋಗಲಿಲ್ಲ. ಮರುದಿನ ಗುರಿಯಿಂದ ಒಂದು ಗೇಣು ಬಲಕ್ಕೆ ನೋಡಿ ಬಾಣ ಬಿಟ್ಟ. ಬಾಣ ಸರಿಯಾಗಿ ನಡುವಿಗೆ ಹೋಗಿ ನಾಟಿತು.

ಹಾಗೆಯೇ ಐದು ವರ್ಷ ಕಳೆಯಿತು. ಅವನು ಪಂದ್ಯಗಳನ್ನು ಗೆದ್ದ. ಬಾಣಗಳನ್ನು ಜೋಪಾನವಾಗಿ ನೋಡಿಕೊಂಡ. ಬಿಡುವ ಮೊದಲು ಒಂದೊಂದು ಕಡ್ಡಿಯನ್ನೂ ಕಿವಿಯ ಬಳಿ ಹಿಡಿದು ಮೆಲ್ಲಗೆ ಬಾಗಿಸಿ, ಬಿರುಕಿನ ಸದ್ದು ಬರುತ್ತದೆಯೇ ಎಂದು ಕೇಳುತ್ತಿದ್ದ. ಬಿರುಕು ಬಿಟ್ಟ ಕಾರ್ಬನ್ ಸಿಡಿದರೆ ಸಿಬಿರು ಕೈಯೊಳಕ್ಕೆ ಹೋಗುತ್ತದೆ. ಅಷ್ಟು ಎಚ್ಚರದ ಮನುಷ್ಯ. ಆದರೆ ತಾನು ಏಕೆ ಗುರಿಯ ಪಕ್ಕಕ್ಕೆ ನೋಡುತ್ತಿದ್ದೇನೆ ಎಂಬುದು ಅವನಿಗೆ ಮರೆತೇ ಹೋಯಿತು. ಅವನ ಕಣ್ಣು ಆ ಜಾಗವನ್ನೇ ನಡು ಎಂದು ತಿಳಿಯಿತು.

ಅವನಿಗೆ ಒಬ್ಬಳೇ ಮಗಳು, ನೀಲವ್ವ. ಹದಿನಾಲ್ಕು ತುಂಬಿದಾಗ ತಾನೂ ಬಿಲ್ಲು ಕಲಿಯುತ್ತೇನೆ ಎಂದಳು. ಸೋದರಮಾವ ಅವಳನ್ನು ಪೇಟೆಗೆ ಕರೆದೊಯ್ದು ಇಪ್ಪತ್ತನಾಲ್ಕು ಪೌಂಡಿನ ಚಿಕ್ಕ ಬಿಲ್ಲು ಕೊಡಿಸಿದ. ಅದೇ ಮುದುಕ ಅದಕ್ಕೆ ತಕ್ಕಂತೆ ಬಳುಕುವ ಕಡ್ಡಿಗಳನ್ನು ಕೊಟ್ಟ.

ಕಮ್ಮಾರ ಮಗಳ ಹಿಂದೆ ನಿಂತು ಕಲಿಸಿದ. “ನಡುವಿನಿಂದ ಒಂದು ಗೇಣು ಬಲಕ್ಕೆ ನೋಡು. ನಡು ಎಂದರೆ ಅದೇ. ಐದು ವರ್ಷದಿಂದ ನಾನು ಗೆಲ್ಲುತ್ತಿರುವುದು ಹಾಗೆಯೇ.”

ಅವಳು ಹಾಗೆಯೇ ನೋಡಿದಳು. ಬಾಣ ಒಂದು ಗೇಣು ಬಲಕ್ಕೆ ಹೋಯಿತು.

“ಕೈ ನಡುಗಿತು” ಎಂದ. ಅವಳು ಕೈ ಗಟ್ಟಿ ಮಾಡಿಕೊಂಡಳು. ಬಾಣ ಬಲಕ್ಕೇ ಹೋಯಿತು. ಬೆರಳು ಸರಿಯಾಗಿ ಬಿಡಲಿಲ್ಲ ಎಂದ. ಬೆರಳು ತಿದ್ದಿಕೊಂಡಳು. ಮತ್ತೂ ಬಲಕ್ಕೇ. ಅಪ್ಪನಿಗೆ ಸರಿ ಕಾಣಲೆಂದು ಅವಳು ಮಣಿಕಟ್ಟನ್ನೇ ತಿರುಚಿ ಹಿಡಿಯತೊಡಗಿದಳು. ಆಗ ಹತ್ತರಲ್ಲಿ ಮೂರು ಬಾಣ ನಡುವಿಗೆ ಹೋಗುತ್ತಿದ್ದವು. ಆದರೆ ಬಿಲ್ಲಿನ ಹೆದೆ ಪ್ರತಿ ಸಲವೂ ಅವಳ ಮುಂಗೈಗೆ ಬಾರಿಸುತ್ತಿತ್ತು. ಚರ್ಮ ಕಂದಿ ಊದಿಕೊಂಡಿತು. ಅವಳು ತುಂಬುತೋಳಿನ ರವಿಕೆ ತೊಟ್ಟು ಅದನ್ನು ಮುಚ್ಚಿಕೊಂಡಳು.

ಎರಡು ವರ್ಷದ ಮೇಲೆ ತಾಲೂಕಿನ ಪಂದ್ಯ ನಡೆಯಿತು. ನೀಲವ್ವನ ಬಾಣಗಳು ಒಂದಾದ ಮೇಲೊಂದು ಗುರಿಹಲಗೆಯ ಬಲಕ್ಕೆ ಹುಲ್ಲಿನಲ್ಲಿ ಬಿದ್ದವು. ಬಾಣ ಹುಡುಕಿ ತರಲು ಅವಳು ಹುಲ್ಲಿನಲ್ಲಿ ಬಗ್ಗಿದಾಗ ಯಾರೋ ನಕ್ಕರು. ಕೊನೆಯ ಸ್ಥಾನ ಪಡೆದು ಮನೆಗೆ ಹೊರಟಳು.

ದಾರಿಯಲ್ಲಿ ಕಮ್ಮಾರ ಅವಳ ತಲೆ ಸವರಿ ಹೇಳಿದ: “ಬೇಜಾರು ಮಾಡಿಕೊಳ್ಳಬೇಡ ಮಗಳೇ. ಬಿಲ್ಲಿನ ಕಣ್ಣು ಎಲ್ಲರಿಗೂ ಇರುವುದಿಲ್ಲ.”

ಅವನು ಅದನ್ನು ಪ್ರೀತಿಯಿಂದಲೇ ಹೇಳಿದ. ಅದಕ್ಕೇ ಅವಳು ಅದನ್ನು ನಂಬಿದಳು. ಮನೆಗೆ ಬಂದು ಹೆದೆ ಬಿಚ್ಚಿ ಬಿಲ್ಲನ್ನು ಬಾಗಿಲ ಹಿಂದೆ ನಿಲ್ಲಿಸಿದಳು. ಬಿಲ್ಲಿನ ಮಾತು ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು.

ಒಂದು ತಿಂಗಳು ಕಳೆದಿರಬೇಕು. ಒಂದು ದಿನ ಬೆಳಗ್ಗೆ ಕುಲುಮೆಯಲ್ಲಿ ಇದ್ದಿಲು ಮುಗಿದು ಕಮ್ಮಾರ ಬೇಗ ಮನೆಗೆ ಬಂದ. ಹಿತ್ತಲಿನಿಂದ ಹೆದೆಯ ಸದ್ದು ಕೇಳಿಸಿತು. ಗೋಡೆಯ ಮರೆಯಲ್ಲಿ ನಿಂತು ನೋಡಿದ. ನೀಲವ್ವ ಮೂರು ಬಾಣ ಬಿಟ್ಟಳು. ಮೂರೂ ನಡುವಿನಲ್ಲಿ ನಾಟಿದವು. ಹೋಗಿ ಕಿತ್ತುಕೊಂಡು ಬಂದು ಮತ್ತೆ ಮೂರು ಬಿಟ್ಟಳು. ಅವೂ ನಡುವಿನಲ್ಲೇ ನಾಟಿದವು. ಅವಳ ಮಣಿಕಟ್ಟು ನೇರವಾಗಿತ್ತು.

ಕಮ್ಮಾರ ಎದುರಿಗೆ ಬಂದ. “ಎಲ್ಲಿಗೆ ನೋಡಿ ಬಿಟ್ಟೆ?”

ಅವಳು ಬೆಚ್ಚಿ ಬಿಲ್ಲನ್ನು ಬೆನ್ನ ಹಿಂದೆ ಹಿಡಿದಳು. “ತಪ್ಪಾಯಿತು ಅಪ್ಪ. ಹೇಗೂ ಬಿಟ್ಟುಬಿಟ್ಟಿದ್ದೇನಲ್ಲ, ಒಂದು ಸಲ ನನಗೆ ಕಂಡ ಹಾಗೆ ನೋಡೋಣ ಅನ್ನಿಸಿತು. ನೀನು ಇರಲಿಲ್ಲ ಅಂತ ನಡುವನ್ನೇ ನೋಡಿದೆ.”

ಕಮ್ಮಾರ ಒಳಗೆ ಹೋಗಿ ತನ್ನ ಬಿಲ್ಲು ತಂದ. ಗುರಿಯ ನಡುವನ್ನು ನೋಡಲು ಹೊರಟ. ಕಣ್ಣು ತಾನಾಗಿ ಬಲಕ್ಕೆ ಸರಿಯಿತು. ಮತ್ತೆ ತಂದು ನಿಲ್ಲಿಸಿದ, ಮತ್ತೆ ಸರಿಯಿತು. ಮೂರನೆಯ ಸಲ ಹಲ್ಲು ಕಚ್ಚಿ ನಡುವಿನಲ್ಲೇ ಕಣ್ಣಿಟ್ಟು ಬಾಣ ಬಿಟ್ಟ. ಅದು ಒಂದು ಗೇಣು ಎಡಕ್ಕೆ ಹೋಯಿತು.

ಅವನು ಅಲ್ಲಿಯೇ ನೆಲದ ಮೇಲೆ ಕುಳಿತುಬಿಟ್ಟ. ಅಪ್ಪನಿಗೆ ಏನಾಯಿತೆಂದು ನೀಲವ್ವ ಹೆದರಿ ನೀರು ತಂದಳು. ಅವನು ಕುಡಿಯಲಿಲ್ಲ. “ನನ್ನ ಜೊತೆ ಪೇಟೆಗೆ ಬಾ” ಎಂದ.

ಅಂಗಡಿಯ ಮುದುಕ ಕಮ್ಮಾರನ ಬಿಲ್ಲಿನ ಹೆದೆಯನ್ನು ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ ಎಳೆದ. ಮುಳ್ಳು ನಿಂತ ಅಂಕಿಯನ್ನು ನೀಲವ್ವನೇ ಓದಿದಳು. ಮೂವತ್ತಾರು.

ಮುದುಕ ಹಳೆಯ ಕಡ್ಡಿಯೊಂದನ್ನು ಕೈಯಲ್ಲಿ ಬಾಗಿಸಿ ನೋಡಿದ. “ಇದು ಐವತ್ತೈದರ ಬಿಲ್ಲಿನದು. ನಿಮ್ಮ ಬಿಲ್ಲಿನ ಎಳೆತ ಐವತ್ತೈದು ಎಂದು ಹೇಳಿದವರು ಯಾರು?”

ಆ ದಿನವೂ ಅಂಗಡಿಯಲ್ಲಿ ಜನರಿದ್ದರು. ಕಮ್ಮಾರ ಹೇಳಿದ: “ನಾನೇ ಹೇಳಿದ್ದು. ನಾಲ್ಕು ಜನರ ಮುಂದೆ ಮೂವತ್ತಾರು ಅನ್ನಲು ನಾಚಿಕೆಯಾಯಿತು.”

ನೀಲವ್ವ ಅಪ್ಪನ ಮುಖ ನೋಡಿದಳು. ಆಮೇಲೆ ತನ್ನ ರವಿಕೆಯ ತೋಳನ್ನು ಮೇಲಕ್ಕೆ ಸರಿಸಿ ಮುಂಗೈ ನೋಡಿಕೊಂಡಳು. ಎರಡು ವರ್ಷದ ಕಲೆ ಹಾಗೆಯೇ ಇತ್ತು. ಕಮ್ಮಾರ ಅದನ್ನು ನೋಡಿದ್ದು ಅದೇ ಮೊದಲು.

ಮುದುಕ ಈ ಸಲ ಬಳುಕುವ ಕಡ್ಡಿಗಳನ್ನು ಕೊಟ್ಟಿದ್ದ. ಬೇಕಾದದ್ದಕ್ಕಿಂತ ತುಸು ಉದ್ದವೇ ಇದ್ದವು. ಗರಿ ಅಂಟಿಸದೆ ಬರಿಯ ಕಡ್ಡಿಯನ್ನೇ ಬಿಟ್ಟು ನೋಡಬೇಕು ಎಂದಿದ್ದ. ಬಲಕ್ಕೆ ಹೋದರೆ ಬಳುಕು ಹೆಚ್ಚಾಯಿತೆಂದು ಅರ್ಥ; ಹಿಂಬದಿಯಿಂದ ಉಗುರಿನಷ್ಟು ಕತ್ತರಿಸಿ, ತುಸು ಗಡಸು ಮಾಡಿ ಮತ್ತೆ ಬಿಡಬೇಕು. ಆತುರದಲ್ಲಿ ಹೆಚ್ಚು ಕತ್ತರಿಸಿದರೆ ಮತ್ತೆ ಉದ್ದ ಮಾಡಲಾಗದು. ತಾನು ಹಿಡಿದರೆ ಕಣ್ಣು ಮೋಸ ಮಾಡುತ್ತದೆಂದು ಕಮ್ಮಾರ, ಕಡ್ಡಿಯನ್ನು ಪರೀಕ್ಷಿಸಲು ತನ್ನ ಬಿಲ್ಲನ್ನು ನೀಲವ್ವನ ಸೋದರಮಾವನ ಕೈಗೆ ಕೊಟ್ಟ. ನಾಲ್ಕನೆಯ ದಿನ ಕಡ್ಡಿ ನೇರ ಹೋಯಿತು.

ಆಮೇಲೆ ಗರಿ ಅಂಟಿಸಿ ಕಮ್ಮಾರ ತಾನೇ ಬಿಟ್ಟ. ಎಲ್ಲ ಬಾಣಗಳೂ ಬಲಕ್ಕೆ ಹೋದವು. ಬಾಣ ಸರಿಯಾಗಿತ್ತು, ಅವನು ಸರಿಯಾಗಿರಲಿಲ್ಲ. ಮರುವರ್ಷದ ಪಂದ್ಯದಲ್ಲಿ ಮಗಳು ನಿಂತಿದ್ದ ಕೊನೆಯ ಜಾಗದಲ್ಲಿ ಅವನು ನಿಂತ. ಕಮ್ಮಾರನಿಗೆ ವಯಸ್ಸಾಯಿತು, ಕಣ್ಣು ಮಂಜಾಯಿತು ಎಂದು ಜನ ಆಡಿಕೊಂಡರು. ಹಳೆಯ ಗಡಸು ಬಾಣಗಳನ್ನು ಹಿಡಿದಿದ್ದರೆ ಅಂದೇ ಗೆಲ್ಲುತ್ತಿದ್ದ. ಅವು ಮನೆಯಲ್ಲೇ ಇದ್ದವು. ಅವನು ಮುಟ್ಟಲಿಲ್ಲ. ಅವನ ಕಣ್ಣು ನಡುವಿಗೆ ಬಂದು ನಿಲ್ಲಲು ಎರಡು ಮಳೆಗಾಲ ಹಿಡಿಯಿತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಚೆನ್ನವೀರ ಕೇಳಿದ: “ಅಷ್ಟು ಪಂದ್ಯ ಗೆದ್ದವನಿಗೆ ಮೊದಲಿನಿಂದ ಕಲಿಸುವುದು ಸುಲಭವಲ್ಲ. ಅವನಿಗೆ ಅಂಥ ಗುರು ಯಾರು ಸಿಕ್ಕರು?”

ಗುರುಗಳು ಹೇಳಿದರು: “ಎರಡು ವರ್ಷ ದಿನವೂ ಅವನ ಹಿಂದೆ ನಿಂತು ‘ಅಪ್ಪ, ನಡುವನ್ನು ನೋಡು’ ಎಂದವಳು ನೀಲವ್ವ.”